ನಮ್ಮ ಕಡೆಯಿಂದ ಒಬ್ಬರು

೧೯೯೮ರಲ್ಲಿ ನಾನು ಶಂಕರಪುರಂನ ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಪುಟ್ಟ ಶಾಲೆಯ ಮುಖ್ಯ ಶಿಕ್ಷಕಿಯಾಗಿದ್ದೆ. ಶಾಲೆಯ ಹೆಸರು ಬೇಡ. ಅಂಥವನ್ನು ಪರ್ಯಾಯ ಶಾಲೆ ಎನ್ನುತ್ತಾರೆ. ಅಂದರೆ ಪರೀಕ್ಷೆಯಿಲ್ಲ, ರ‍್ಯಾಂಕ್ ಇಲ್ಲ, ಯೂನಿಫಾರ್ಮ್ ಇಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಲಿಯುತ್ತಾರೆ. ಶಿಕ್ಷಕರನ್ನು ಮಿಸ್, ಸರ್ ಅನ್ನುವಂತಿಲ್ಲ, ಅಕ್ಕ, ಅಣ್ಣ ಅನ್ನಬೇಕು. ಅದಕ್ಕೂ ಮೊದಲು ನಾನು ಬೆತ್ತವಿಲ್ಲದೆ ಪಾಠವೇ ಇಲ್ಲ ಎನ್ನುವ ಶಾಲೆಯೊಂದರಲ್ಲಿ ವರ್ಷಗಟ್ಟಲೆ ದುಡಿದಿದ್ದವಳು. ಇಲ್ಲಿಗೆ ಬಂದಾಗ ಉಸಿರಾಡಲು ಜಾಗ ಸಿಕ್ಕಂತಾಗಿತ್ತು.

ಶಾಲೆಗೆ ತನ್ನದೇ ಆದ ಒಂದು ಸಂಪ್ರದಾಯವಿತ್ತು. ಶುರುವಾದ ವರ್ಷ ಟಾಯ್ಲೆಟ್ಟಿನ ಪೈಪು ಕಟ್ಟಿಕೊಂಡು, ಕೆಲಸಕ್ಕೆ ಯಾರೂ ಸಿಗದೆ, ಇಬ್ಬರು ತಂದೆಯರು ಪ್ಯಾಂಟು ಮಡಚಿ ತಾವೇ ಸರಿಮಾಡಿದರಂತೆ. ಅಂದಿನಿಂದ ಶಾಲೆಯಲ್ಲಿ ಆಯಾ ಇಲ್ಲ, ಗುಡಿಸುವವರಿಲ್ಲ. ಪ್ರತಿ ಶನಿವಾರ ಒಂದು ಮನೆಯವರು ಬಂದು ಕೋಣೆಗಳನ್ನು ಗುಡಿಸಿ ಒರೆಸಿ, ಎರಡು ಟಾಯ್ಲೆಟ್ ತೊಳೆದು ಹೋಗಬೇಕು. ಇದಕ್ಕೆ ‘ಸರದಿ’ ಎಂದು ಹೆಸರು. ಸುಮಾರು ನಲವತ್ತು ಕುಟುಂಬಗಳಿದ್ದುದರಿಂದ ಒಂದು ಮನೆಗೆ ವರ್ಷಕ್ಕೆ ಒಂದೇ ಸರದಿ ಬರುತ್ತಿತ್ತು. ಶನಿವಾರ ಶಿಕ್ಷಕರಿಗೆ ರಜೆ. ಸರದಿ ನೋಡಿಕೊಳ್ಳುವುದು ಪೋಷಕರ ಸಮಿತಿಯ ಪಾಲು, ಅಂದಿನ ಬೀಗದ ಕೈಯೂ ಅವರದೇ.

ಸಮಿತಿಯ ಅಧ್ಯಕ್ಷರನ್ನು ಶ್ರೀನಾಥ್ ಎಂದು ಕರೆಯೋಣ. ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಮಗ ಆದಿತ್ಯ ನಮ್ಮಲ್ಲಿ ಮೂರನೆಯ ತರಗತಿ. ಶಾಲೆ ನೋಡಲು ಯಾರೇ ಬರಲಿ, ಶ್ರೀನಾಥ್ ಅವರನ್ನು ನೇರವಾಗಿ ಟಾಯ್ಲೆಟ್ಟಿನ ಬಾಗಿಲಿಗೆ ಕರೆದೊಯ್ದು, “ಇದನ್ನ ತೊಳೆಯೋರು ನಾವೇ. ಇಲ್ಲಿ ಮೇಲು ಕೀಳು ಅನ್ನೋ ಮಾತೇ ಇಲ್ಲ” ಎನ್ನುತ್ತಿದ್ದರು. ಹೇಳುವ ಚೆಂದಕ್ಕೆ ನಾನೂ ತಲೆದೂಗಿದ್ದೇನೆ.

ಅವರ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದವರು ರತ್ನಮ್ಮ. ಚಾಮರಾಜಪೇಟೆಯ ಒಂದು ವಠಾರದಲ್ಲಿ ಮಗಳ ಜೊತೆ ಇದ್ದರು. ಆ ಮಗಳು ಸುಮಾ, ಆದಿತ್ಯನ ಓರಗೆಯವಳು, ನಮ್ಮಲ್ಲೇ ಫೀಸಿಲ್ಲದೆ ಓದುತ್ತಿದ್ದಳು. ಅವಳನ್ನು ಸೇರಿಸಿಕೊಳ್ಳಿ ಎಂದು ಒತ್ತಾಯಿಸಿದವರು ಶ್ರೀನಾಥರೇ. ಅದು ಒಳ್ಳೆಯ ಕೆಲಸ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಅವರು ಹೇಳಿಕೊಳ್ಳದೆ ಮುಗಿದ ಸಭೆ ಒಂದೂ ಇರಲಿಲ್ಲ. ಇನ್ನೊಂದು ವಿಷಯ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಪೋಷಕರೆಲ್ಲ ಒಬ್ಬರಿಗೊಬ್ಬರು ನೀವು, ಬನ್ನಿ, ಕೂತ್ಕೊಳ್ಳಿ ಎಂದು ಮಾತಾಡುವವರು, ರತ್ನಮ್ಮನಿಗೆ ಮಾತ್ರ ‘ನೀನು’. ರತ್ನಮ್ಮ ನನ್ನನ್ನು ಉಳಿದವರಂತೆ ಅಕ್ಕ ಅನ್ನುತ್ತಿರಲಿಲ್ಲ, ಮೇಡಂ ಅನ್ನುತ್ತಿದ್ದರು.

ವಿಷಯ ಹೊರಗೆ ಬಂದದ್ದು ಮಕ್ಕಳಿಂದ. ಊಟವಾದ ಮೇಲೆ ಮಕ್ಕಳು ತಾವು ಕೂತ ಜಾಗವನ್ನು ದಿನಕ್ಕೊಬ್ಬರಂತೆ ಒರೆಸುವುದು ವಾಡಿಕೆ. ಒಂದು ಮಧ್ಯಾಹ್ನ ನೋಡುತ್ತೇನೆ, ಸುಮಾ ಒರೆಸುತ್ತಿದ್ದಾಳೆ. ಹಿಂದಿನ ದಿನವೂ ಅವಳೇ ಒರೆಸಿದ್ದು ನನಗೆ ನೆನಪಿತ್ತು. ಇವತ್ತು ಯಾರ ದಿನ ಎಂದು ಕೇಳಿದೆ.

“ನಂದೇ ಅಕ್ಕ” ಎಂದ ಆದಿತ್ಯ. “ನನ್ನ ಕಡೆಯಿಂದ ಸುಮಾ ಮಾಡ್ತಿದಾಳೆ.”

“ನಿನ್ನ ಕಡೆಯಿಂದ ಅಂದ್ರೆ?”

“ಶನಿವಾರ ನಮ್ಮ ಕಡೆಯಿಂದ ಅವರಮ್ಮ ಬರ್ತಾರಲ್ಲ, ಹಾಗೆ.”

ಹುಡುಗನ ಮುಖದಲ್ಲಿ ಕಳ್ಳತನವಿರಲಿಲ್ಲ, ತುಂಟತನವೂ ಇರಲಿಲ್ಲ. ಮನೆಯಲ್ಲಿ ಕಂಡದ್ದನ್ನು ಶಾಲೆಯಲ್ಲಿ ಮಾಡಿದ್ದ ಅಷ್ಟೇ. ಸುಮಾ ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದಳು.

ಆ ಸಂಜೆಯೇ ರತ್ನಮ್ಮನ ವಠಾರಕ್ಕೆ ಹೋದೆ. ಅವರು ಒಂದೊಂದಾಗಿ ಎಲ್ಲ ಹೇಳಿದರು. ಹೋದ ವರ್ಷ ಶ್ರೀನಾಥರ ಸರದಿ ಬಂದಾಗ, “ನಮಗೆ ಊರಲ್ಲಿ ಒಂದು ಮದುವೆ ಇದೆ, ನಮ್ಮ ಕಡೆಯಿಂದ ನೀನೇ ಹೋಗಿ ಮುಗಿಸಿಬಿಡು” ಎಂದಿದ್ದರಂತೆ. ಅದು ಉಳಿದವರ ಕಿವಿಗೆ ಬಿತ್ತು. ಬಸವನಗುಡಿಯ ಇನ್ನೊಂದು ಮನೆಯವರು ಕರೆದರು, ಆಮೇಲೆ ಮತ್ತೊಂದು ಮನೆಯವರು. ಕೈಗೆ ಏನೋ ಒಂದಿಷ್ಟು ಕೊಡುತ್ತಿದ್ದರು. ಒಲ್ಲೆ ಎಂದರೆ ಇದ್ದ ಮನೆಗೆಲಸಕ್ಕೆ ಕುತ್ತು. ಈಗ ಹೆಚ್ಚುಕಮ್ಮಿ ಎಲ್ಲ ಶನಿವಾರಗಳಲ್ಲೂ ರತ್ನಮ್ಮನೇ. ಬೀಗ ತೆಗೆದುಕೊಡುತ್ತಿದ್ದವರು ಸಮಿತಿಯವರು. ತೊಳೆಯುತ್ತಿದ್ದವರು ಯಾರೆಂದು ಅವರಿಗೆಲ್ಲ ಗೊತ್ತಿತ್ತು.

“ಅದು ಹೋಗ್ಲಿ ಮೇಡಂ, ನನಗೆ ಕೆಲಸ ಹೊಸದಲ್ಲ” ಎಂದರು ರತ್ನಮ್ಮ. “ಮೊನ್ನೆ ಇವಳು ಕೇಳಿದ್ಲು, ‘ಅಮ್ಮ, ನಾವು ಆ ಸ್ಕೂಲಿಗೆ ಓದೋಕೆ ಹೋಗೋದಾ, ಕೆಲಸಕ್ಕಾ?’ ಅಂತ. ಅವತ್ತಿಂದ ನಿದ್ದೆ ಬರ್ತಿಲ್ಲ. ಇವಳನ್ನ ಬಿಡಿಸಿ ಕಾರ್ಪೊರೇಷನ್ ಸ್ಕೂಲಿಗೆ ಹಾಕ್ತೀನಿ. ಅಲ್ಲಾದ್ರೆ ಎಲ್ಲರ ಥರ ಇರ್ತಾಳೆ.”

ಎಲ್ಲರ ಥರ ಇರಲೆಂದೇ ಕಟ್ಟಿದ ಶಾಲೆ ನಮ್ಮದು! ಒಂದೆರಡು ವಾರ ತಡೆಯಿರಿ ಎಂದು ರತ್ನಮ್ಮನಲ್ಲಿ ಬೇಡಿಕೊಂಡು, ಮರುದಿನವೇ ಪೋಷಕರ ಸಭೆ ಕರೆದೆ.

ಸಭೆಯಲ್ಲಿ ಯಾರಾದರೂ ತಲೆತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಮಾತು! ಒಬ್ಬರು, “ದುಡ್ಡು ಕೊಟ್ಟಿದೀವಲ್ಲ ಅಕ್ಕ, ಬಿಟ್ಟಿ ಮಾಡಿಸಿಲ್ಲ” ಎಂದರು. ಇನ್ನೊಬ್ಬರು, ಯಾವ ಕೆಲಸವೂ ಕೀಳಲ್ಲ ಎಂದು ಮಕ್ಕಳಿಗೆ ಹೇಳಿಕೊಡುವವರೇ ಹೀಗೆ ಬೇಸರ ಪಟ್ಟುಕೊಂಡರೆ ಹೇಗೆ ಎಂದು ನನಗೇ ಬುದ್ಧಿ ಹೇಳಿದರು. ಯಾವ ಕೆಲಸವೂ ಕೀಳಲ್ಲವಾದರೆ ನೀವೇಕೆ ಬರಲಿಲ್ಲ ಎಂದು ನಾನು ಕೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಕೊನೆಗೆ ಶ್ರೀನಾಥ್ ಎದ್ದು ನಿಂತರು. ಕಾಲ ಬದಲಾಗಿದೆ, ಎಲ್ಲರಿಗೂ ಕೆಲಸದ ಒತ್ತಡ, ಹಾಗಾಗಿ ಸರದಿಯನ್ನು ಕೈಬಿಡೋಣ, ಶಾಲೆಗೆ ಒಬ್ಬರನ್ನು ನೇಮಿಸಿಕೊಳ್ಳೋಣ ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಹಿಂದಕ್ಕೆ ತಿರುಗಿ, “ರತ್ನಮ್ಮನಿಗೇ ಕೊಡೋಣ. ಪಾಪ, ಅವಳಿಗೂ ಒಂದು ಆಧಾರ ಆಗುತ್ತೆ” ಎಂದರು. ಚಾಪೆಯ ಮೇಲೆ ಕೂತಿದ್ದ ತಲೆಗಳೆಲ್ಲ ಹೌದು ಹೌದು ಎಂದು ಆಡಿದವು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ನನಗೆ ಈಗಲೂ ಆ ಚಪ್ಪಾಳೆ ನೆನೆದರೆ ಮೈ ಉರಿಯುತ್ತದೆ. ತಾಯಿಯೊಬ್ಬಳನ್ನು ಪೋಷಕರ ಸಾಲಿನಿಂದ ಎಬ್ಬಿಸಿ ಕೆಲಸದವಳ ಜಾಗದಲ್ಲಿ ಕೂರಿಸುವುದಕ್ಕೆ ಚಪ್ಪಾಳೆ! “ರತ್ನಮ್ಮನವರೇ, ನೀವೇನು ಹೇಳ್ತೀರಿ?” ಎಂದು ಕೇಳಿದೆ.

ಹಿಂದಿನ ಸಾಲಿನಲ್ಲಿದ್ದ ಅವರು ಸೆರಗು ಸರಿಮಾಡಿಕೊಂಡು ಎದ್ದರು.

“ಕೆಲಸ ಬೇಕಾದ್ರೆ ಹೊರಗಡೆ ಹುಡುಕ್ಕೋತೀನಿ ಮೇಡಂ. ಇಲ್ಲಿಗೆ ನಾನು ಸುಮಾ ತಾಯಿ ಅಂತ ಬರೋದು” ಎಂದರು. ಆಮೇಲೆ, “ಈ ಶನಿವಾರ ನಮ್ಮ ಮನೆ ಸರದಿ. ನಮ್ಮಮ್ಮಂಗೆ ಹುಷಾರಿಲ್ಲ, ಊರಿಗೆ ಹೋಗ್ಲೇಬೇಕು. ನಮ್ಮ ಕಡೆಯಿಂದ ಯಾರಾದ್ರೂ ಬರ್ತೀರಾ?” ಎಂದು ಕೇಳಿದರು.

ಚುಚ್ಚಲೆಂದು ಕೇಳಿದ್ದಲ್ಲ. ಅವರ ತಾಯಿಗೆ ನಿಜವಾಗಿಯೂ ಜ್ವರ ಏರಿತ್ತು. ಇಷ್ಟು ದಿನ ತಾನು ಇಷ್ಟು ಮನೆಗಳ ಕಡೆಯಿಂದ ಬಂದಿರುವಾಗ, ತನ್ನ ಕಡೆಯಿಂದ ಒಬ್ಬರಾದರೂ ಬರಬಹುದು ಎಂದು ಅವರು ನಂಬಿಯೇ ಕೇಳಿದ್ದರು. ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಮಗು ಅಳುತ್ತಿದೆ ಎಂದು ಎದ್ದು ಹೋದರು, ಮಗು ನಗುತ್ತಿತ್ತು. ಯಾವ ತೀರ್ಮಾನವೂ ಆಗದೆ ಸಭೆ ಮುಗಿಯಿತು.

ಶನಿವಾರ ಬೆಳಿಗ್ಗೆ ನಾನೇ ಹೋಗಿ ಶಾಲೆಯ ಮೆಟ್ಟಿಲ ಮೇಲೆ ಕೂತೆ. ಯಾರೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಗೇಟು ಕಿರ್ ಎಂದಿತು. ಸುಮಾ! ಕೈಯಲ್ಲಿ ಅವಳ ಮೊಣಕಾಲಿಗೂ ಮೀರಿದ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಪೊರಕೆ.

“ಅಮ್ಮ ಬೆಳಿಗ್ಗೇನೇ ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿದ್ಲು ಅಕ್ಕ. ನಾನು ಪಕ್ಕದ್ಮನೆ ಅಜ್ಜಿ ಹತ್ರ ಇದೀನಿ. ನಮ್ಮ ಕಡೆಯಿಂದ ನಾನೇ ಬಂದೆ.”

ಅವಳ ಕೈಯಿಂದ ಬಕೆಟ್ಟು ಇಸಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡೆ. ಮಾತಿಗೆ ಮಾತು ಬಂದು ಅವಳೇ ಹೇಳಿದಳು: ಸಭೆಯ ಮರುದಿನವೇ ಆದಿತ್ಯನ ಮನೆಯವರು ಅಮ್ಮನಿಗೆ ಇನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು. ಆ ಟಾಯ್ಲೆಟ್ಟನ್ನು ನಾನೇ ತೊಳೆದುಬಿಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಆದರೆ ತೊಳೆಯಲಿಲ್ಲ. ಅಂಗಡಿಯಿಂದ ಹೊಸ ಬೀಗ ತಂದು ಬಾಗಿಲಿಗೆ ಜಡಿದು, ಅದರ ಕೈಯನ್ನು ಚೀಲದಲ್ಲಿ ಹಾಕಿಕೊಂಡು, ಸುಮಾಳಿಗೆ ಗಾಂಧಿ ಬಜಾರಿನಲ್ಲಿ ಇಡ್ಲಿ ತಿನ್ನಿಸಿ ಅಜ್ಜಿಯ ಹತ್ತಿರ ಬಿಟ್ಟುಬಂದೆ.

ಸೋಮವಾರ ಮಕ್ಕಳನ್ನು ಕಾಂಪೌಂಡಿನ ಹೊಂಗೆಮರದ ಕೆಳಗೆ ಕೂರಿಸಿ, ಗೇಟಿನಲ್ಲಿ ನಿಂತೆ. ಬಂದ ಪೋಷಕರಿಗೆಲ್ಲ ಒಂದೇ ಮಾತು ಹೇಳಿದೆ. “ಶನಿವಾರ ಸರದಿ ಆಗಿಲ್ಲ. ಶಾಲೆ ಗಲೀಜಾಗಿದೆ, ಬೀಗ ತೆಗೆಯಲ್ಲ. ರತ್ನಮ್ಮನವರನ್ನ ತಮ್ಮ ಕಡೆಯಿಂದ ಕಳಿಸಿದವರಲ್ಲಿ ಒಬ್ಬರು ಇವತ್ತು ಅವರ ಕಡೆಯಿಂದ ಬಂದು ತೊಳೆಯಲಿ. ಆಳನ್ನ ಕಳಿಸಿದ್ರೆ ವಾಪಸ್ ಕಳಿಸ್ತೀನಿ.”

ರೇಗಾಟ ಎದ್ದಿತು. ಇದು ಮೊಂಡಾಟ ಎಂದರು, ನನ್ನನ್ನು ತೆಗೆದುಹಾಕುತ್ತೇವೆ ಎಂದರು. ತೆಗೆಯಿರಿ, ಆದರೆ ಮೊದಲು ತೊಳೆಯಿರಿ ಎಂದೆ. ಅಷ್ಟರಲ್ಲಿ ಆಫೀಸಿಗೆ ಹೊರಟಿದ್ದ ಶ್ರೀನಾಥ್ ಬಂದರು.

“ಹತ್ತು ಗಂಟೆಗೆ ನನಗೆ ಮೀಟಿಂಗ್ ಇದೆ. ಇದೇನು ಆಟ?”

“ಹಾಗಾದ್ರೆ ಬೇಗ ಶುರು ಮಾಡ್ಬೇಕಾಗುತ್ತೆ ಸರ್.”

ಗುಂಪಿನಲ್ಲಿದ್ದ, ತಾವೂ ರತ್ನಮ್ಮನನ್ನು ಕಳಿಸಿದ್ದ ತಾಯಿಯೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು. “ನೀವೇ ಹೇಳ್ತಿದ್ರಲ್ಲ ಸಾರ್, ತೊಳೆಯೋರು ನಾವೇ ಅಂತ.” ಶ್ರೀನಾಥರ ಮುಖ ಕೆಂಪಾಯಿತು. ಅತ್ತ ಇತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬೂಟು ಕಳಚಿದರು, ಪ್ಯಾಂಟು ಮಡಚಿದರು, ಟೈಯನ್ನು ಅಂಗಿಯೊಳಗೆ ತೂರಿಸಿಕೊಂಡು ನನ್ನ ಕೈಯಿಂದ ಬೀಗದ ಕೈಯನ್ನು ಕಿತ್ತುಕೊಂಡಂತೆ ತೆಗೆದುಕೊಂಡರು.

ಬ್ರಷ್ಷಿನ ಸದ್ದು ಕೇಳಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ನಾನು ತಡೆಯಲಿಲ್ಲ. ಅಪ್ಪ ಕುಕ್ಕರಗಾಲಲ್ಲಿ ಕೂತು ಉಜ್ಜುವುದನ್ನು ಆದಿತ್ಯ ಬಾಯಿ ಬಿಟ್ಟುಕೊಂಡು ನೋಡಿದ.

“ಅಪ್ಪ, ನೀನು ಯಾರ ಕಡೆಯಿಂದ ಬಂದಿದೀಯ?”

ಉತ್ತರ ಕೊಟ್ಟವಳು ಅವನ ಪಕ್ಕದಲ್ಲಿದ್ದ ಸುಮಾ.

“ನಮ್ಮ ಕಡೆಯಿಂದ ಕಣೋ.”

ಆ ಶಾಲಾವರ್ಷ ಮುಗಿಯುತ್ತಿದ್ದಂತೆ ಶ್ರೀನಾಥ್ ಮಗನ ಟಿ.ಸಿ., ಅಂದರೆ ವರ್ಗಾವಣೆ ಪತ್ರ, ಕೇಳಿ ಪಡೆದರು. ಕಾರಣ: ಮನೆಗೆ ಶಾಲೆ ದೂರ. ಅವರ ಮನೆ ಇದ್ದದ್ದು ನಮ್ಮ ಹಿಂದಿನ ರಸ್ತೆಯಲ್ಲಿ. ಇನ್ನೂ ಕೆಲವರು ಅವರ ಹಿಂದೆಯೇ ಹೋದರು, ನನಗೇನೂ ನಷ್ಟವಾಗಲಿಲ್ಲ. ಸರದಿ ಉಳಿಯಿತು. ಬರಲಾಗದವರು ಇನ್ನೊಂದು ಮನೆಯವರ ಜೊತೆ ವಾರ ಬದಲಾಯಿಸಿಕೊಳ್ಳಬಹುದು, ಆಳನ್ನು ಕಳಿಸುವಂತಿಲ್ಲ ಎಂದಾಯಿತು. ರತ್ನಮ್ಮನಿಗೆ ಮಲ್ಲೇಶ್ವರದ ಕಡೆ ಬೇರೆ ಕೆಲಸ ಸಿಕ್ಕಿತು. ಸುಮಾ ನಮ್ಮಲ್ಲಿದ್ದ ಕೊನೆಯ ತರಗತಿಯವರೆಗೂ ಓದಿದಳು, ಆದರೆ ಬೇರೆಯವರ ದಿನ ನೆಲ ಒರೆಸಲಿಲ್ಲ.

ಆ ಸೋಮವಾರ ಕಳೆದು ಊರಿಂದ ಬಂದ ರತ್ನಮ್ಮ ಸೀದಾ ಶಾಲೆಗೆ ಬಂದಿದ್ದರು, ನಮ್ಮ ಸರದಿ ಬಾಕಿ ಇದೆಯಲ್ಲ ಎಂದುಕೊಂಡು. ನಿಮ್ಮ ಕಡೆಯಿಂದ ಶ್ರೀನಾಥ್ ಬಂದಿದ್ದರು ಎಂದೆ. ಅವರು ನಂಬಲಿಲ್ಲ. ಹಿತ್ತಲಿಗೆ ಹೋಗಿ ನೋಡಿಕೊಂಡು ಬಂದು, ಸೆರಗು ಬಾಯಿಗಿಟ್ಟು ನಗುತ್ತಾ, “ಮೂಲೆ ಉಜ್ಜೇ ಇಲ್ಲ ಅಕ್ಕ” ಎಂದರು.

ಆಮೇಲೆ ನಿವೃತ್ತಿಯಾಗುವವರೆಗೂ ಬೇರೆ ಬೇರೆ ಶಾಲೆಗಳವರು ನನ್ನನ್ನು ಕರೆದು ತಮ್ಮ ಸಂಪ್ರದಾಯಗಳನ್ನು ತೋರಿಸಿದ್ದಾರೆ. ಒಟ್ಟಿಗೆ ಅಡುಗೆ, ಒಟ್ಟಿಗೆ ತೋಟ, ಪೋಷಕರ ದಿನ. ಎಲ್ಲ ಚೆಂದವೇ. ಆದರೆ ಹೊಗಳಿಕೆ ಮುಗಿಯುವ ಮೊದಲೇ ನಾನು ಒಂದು ಪ್ರಶ್ನೆ ಕೇಳಿಬಿಡುತ್ತಿದ್ದೆ, ಕೆಲವರಿಗೆ ಅದರಿಂದ ಕೋಪವೂ ಬಂದಿದೆ: ಇದಕ್ಕೆ ತಮ್ಮ ಕಡೆಯಿಂದ ಇನ್ನೊಬ್ಬರನ್ನು ಕಳಿಸಲು ನಿಮ್ಮಲ್ಲಿ ಯಾರಿಗೆ ಆಗುವುದಿಲ್ಲ? ಅವರನ್ನು ಕರೆಯಿರಿ, ನಿಮ್ಮ ಶಾಲೆ ಹೇಗಿದೆ ಎಂದು ನಾನು ಅವರನ್ನೇ ಕೇಳುತ್ತೇನೆ.