ಕಿಟಕಿಯಾಚೆ ನೋಡುವ ಚಾಲಕ

ಚಿಕ್ಕಮ್ಮ ಬರೆದ ಕಾದಂಬರಿಗಳು ನಮ್ಮ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಡಬ್ಬಿಯ ತುಂಬ ಇದ್ದವು. ಒಂದರ ಮೇಲೂ ಅವಳ ಹೆಸರಿರಲಿಲ್ಲ. ಟಿವಿಯಲ್ಲಿ ವಾರವಾರ ಬರುತ್ತಿದ್ದ ಬಾಹ್ಯಾಕಾಶದ ಧಾರಾವಾಹಿಗಳನ್ನು ಪುಸ್ತಕ ಮಾಡಿಕೊಡುವುದು ಅವಳ ಕೆಲಸ. ಮುಖಪುಟದಲ್ಲಿ ಒಂದು ರಾಕೆಟ್ಟು, ಅದರ ಕೆಳಗೆ ಟಿವಿಗೆ ಕಥೆ ಬರೆದವರ ಹೆಸರು ದಪ್ಪಕ್ಷರದಲ್ಲಿ. ರಾಕೆಟ್ಟಿನ ಚಿತ್ರ ಬರೆದವನ ಹೆಸರು ಕೂಡ ಒಳಪುಟದ ಮೂಲೆಯಲ್ಲಿ ಇರುತ್ತಿತ್ತು. ಚಿಕ್ಕಮ್ಮನದು ಮಾತ್ರ ಎಲ್ಲೂ ಇಲ್ಲ. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಜ್ಜಿಗೆ, ಅಂದರೆ ಚಿಕ್ಕಮ್ಮನ ತಾಯಿಗೆ, ಏನೂ ಉರಿಯುತ್ತಿರಲಿಲ್ಲ. ನಾವು ಮೂವರೂ ಒಂದೇ ಮನೆಯಲ್ಲಿದ್ದರೂ ಅಜ್ಜಿ ಆ ಪುಸ್ತಕಗಳಲ್ಲಿ ಒಂದನ್ನೂ ತೆರೆದು ನೋಡಿದವಳಲ್ಲ.

"ಯಾರೋ ಬರೆದಿದ್ದನ್ನ ಇವಳು ನಕಲು ಮಾಡ್ತಾಳೆ. ಅದಕ್ಕೆ ಹೆಸರು ಬೇರೆ ಕೇಡು! ನಾನು ಜೀವಮಾನ ಪೂರ್ತಿ ಕಾರ್ಖಾನೆಯಲ್ಲಿ ಅಂಗಿ ಹೊಲಿದೆ. ಒಂದು ಅಂಗಿ ಮೇಲಾದ್ರೂ ನನ್ನ ಹೆಸರಿತ್ತಾ?"

ಅಡುಗೆಮನೆಯ ಮೇಜಿನ ಮೇಲೆ ಚಿಕ್ಕಮ್ಮನ ಪೆನ್ನು ಸ್ವಲ್ಪ ಹೊತ್ತು ನಿಂತು ಮತ್ತೆ ಓಡುತ್ತಿತ್ತು. ಆ 'ನಕಲು' ಎಂಬ ಮಾತು ಅವಳಿಗೆ ಎಲ್ಲಿ ನಾಟುತ್ತದೆ ಎಂಬುದು ಎದುರಿಗೆ ಕೂತು ಕರಡು ತಿದ್ದುತ್ತಿದ್ದ ನನಗೆ ಗೊತ್ತಿತ್ತು. ಆ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಅಚ್ಚುಕೂಟದಲ್ಲೇ ಕರಡು ತಿದ್ದುವುದು ನನ್ನ ಕೆಲಸ.

ಹೀಗಿರುವಾಗ ಹೊಸ ಧಾರಾವಾಹಿ ಶುರುವಾಯಿತು. ಅಚ್ಚುಕೂಟದ ಯಜಮಾನರು ಅದೇನು ಒಳ್ಳೆಯ ಗಳಿಗೆಯಲ್ಲಿದ್ದರೋ, "ಈ ಸಲ ಮುಖಪುಟದಲ್ಲಿ ನಿಮ್ಮ ಹೆಸರೂ ಹಾಕ್ತೀನಮ್ಮ. ಮೇಷ್ಟ್ರ ಹೆಸರಿನ ಕೆಳಗೆ, ಚಿಕ್ಕದಾಗಿ. ಆದ್ರೆ ಕೊನೇ ಅಧ್ಯಾಯ ಓದಿ ಮೇಷ್ಟ್ರು ಸಹಿ ಹಾಕ್ಬೇಕು" ಎಂದರು.

ಮೇಷ್ಟ್ರು ಎಂದರೆ ಟಿವಿಗೆ ಕಥೆ ಬರೆಯುವವರು. ಹಿಂದೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರಂತೆ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ರಾಕೆಟ್ ಮೇಷ್ಟ್ರು ಎಂದೇ.

"ಅಮ್ಮನಿಗೆ ಈಗಲೇ ಹೇಳ್ಬೇಡ ಕಣೇ. ಪುಸ್ತಕ ಬಂದ ಮೇಲೆ ಕೈಗೇ ಕೊಡೋಣ" ಎಂದಳು ಚಿಕ್ಕಮ್ಮ. ಅವಳು ಅಷ್ಟು ಆಸೆಪಟ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ನಮ್ಮ ಅಚ್ಚುಕೂಟದ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಟಿವಿಯಲ್ಲಿ ಒಮ್ಮೆ ಬಂದದ್ದು ಮತ್ತೆ ಬರುತ್ತಿರಲಿಲ್ಲ. ಕೊನೆಯ ಕಂತು ಮುಗಿದ ಮರುದಿನ ಬೆಳಿಗ್ಗೆಯೇ ಪುಸ್ತಕ ಅಂಗಡಿಯಲ್ಲಿರಬೇಕು; ತಡವಾದರೆ ಜನ ಬೇರೆ ಕಥೆಗೆ ಹಾರಿಬಿಡುತ್ತಾರೆ. ಆದ್ದರಿಂದ ಮೇಷ್ಟ್ರು ಒಂದೊಂದೇ ಕಂತಿನ ಬರವಣಿಗೆ ಕಳಿಸಿದ ಹಾಗೆ ಚಿಕ್ಕಮ್ಮ ಒಂದೊಂದೇ ಅಧ್ಯಾಯ ಬರೆಯುವಳು, ನಾನು ತಿದ್ದುವೆ, ಅದು ಅಚ್ಚಾಗಿಯೇಬಿಡುವುದು. ಅಕ್ಷರದ ಮೊಳೆಗಳು ಇದ್ದದ್ದೇ ಕಡಿಮೆ. ಒಂದು ಅಧ್ಯಾಯ ಅಚ್ಚಾದ ಕೂಡಲೇ ಮೊಳೆ ಬಿಚ್ಚಿ ಮುಂದಿನದಕ್ಕೆ ಜೋಡಿಸಬೇಕು. ಹಿಂದಕ್ಕೆ ಹೋಗಿ ಒಂದಕ್ಷರ ಬದಲಾಯಿಸುವ ಹಾಗಿಲ್ಲ. ಕೊನೆ ಗೊತ್ತಿಲ್ಲದೆ ಕಥೆಯ ಮೊದಲನ್ನು ಅಚ್ಚು ಹಾಕುವ ಹುಚ್ಚು ಧೈರ್ಯ ನಮ್ಮವರಿಗಲ್ಲದೆ ಇನ್ಯಾರಿಗೂ ಬಾರದು.

ಕಥೆ ಇಷ್ಟು: ಭೂಮಿಯಿಂದ ಬಹುದೂರ ಹೋಗುತ್ತಿರುವ ಒಂದು ನೌಕೆ, ಅದರೊಳಗಿಂದ ಶತ್ರುಗಳಿಗೆ ಸುದ್ದಿ ಮುಟ್ಟುತ್ತಿದೆ. ಮುಟ್ಟಿಸುತ್ತಿರುವವರು ಯಾರು? ಮೇಷ್ಟ್ರು ಅದನ್ನು ನಟರಿಗೂ ಹೇಳಿರಲಿಲ್ಲ.

ಮೊದಲ ಕಂತಿನಲ್ಲೇ ಒಂದು ಸಾಲಿತ್ತು: 'ಚಾಲಕ ಕಿಟಕಿಯಾಚೆ ನೋಡುತ್ತಾನೆ. ಮಾತಿಲ್ಲ.' ಟಿವಿಯಲ್ಲಿ ಅದಕ್ಕೇನು, ನಟ ಸುಮ್ಮನೆ ಆಚೆ ನೋಡಿದ, ಹಿಂದೆ ಸಂಗೀತ ಬಂತು, ನೋಡುವವರು ಉಸಿರು ಬಿಗಿಹಿಡಿದರು. ಪುಸ್ತಕದಲ್ಲಿ ಸಂಗೀತ ಅಚ್ಚು ಹಾಕಲಾದೀತೇ? ಚಿಕ್ಕಮ್ಮ ಇಡೀ ದಿನ ಪೆನ್ನು ಕಚ್ಚಿ ಕೂತು ಕೊನೆಗೆ ಚಾಲಕನ ಮನಸ್ಸಿನೊಳಗೆ ಹೊಕ್ಕಳು.

'ಅವನಿಗೆ ಶಾಲೆಯ ಮೊದಲ ದಿನ ನೆನಪಾಯಿತು. ತರಗತಿಯ ಕಿಟಕಿಯಿಂದ ಇಣುಕಿದಾಗಲೆಲ್ಲ ಗೇಟಿನಾಚೆ ಅಮ್ಮ ನಿಂತೇ ಇದ್ದಳು. ಬಿಸಿಲೇರಿತು, ನೆರಳು ಸರಿಯಿತು, ಅಮ್ಮ ಸರಿಯಲಿಲ್ಲ. ಈಗಲೂ ಯಾವ ಕಿಟಕಿಯ ಮುಂದೆ ನಿಂತರೂ ಅವನ ಕಣ್ಣು ಮೊದಲು ಹುಡುಕುವುದು ಅವಳನ್ನೇ.'

ಎರಡು ಸಲ ಓದಿ, "ಇದು ಯಾರ ಅಮ್ಮ?" ಎಂದೆ.

"ಇನ್ಯಾರು? ಒಳಗೆ ಕೂತು ಟಿವಿಗೆ ಬೈತಿದ್ದಾಳಲ್ಲ, ಅವಳೇ."

ಮುಂದಿನ ಅಧ್ಯಾಯಗಳಲ್ಲೂ ಆ ಅಮ್ಮ ಅಲ್ಲಲ್ಲಿ ಬಂದು ಹೋದಳು. ಎಲ್ಲವೂ ಅಚ್ಚಾಗಿ, ಹಾಳೆಗಳು ಗೋಡೆಯ ಪಕ್ಕ ಎದೆಮಟ್ಟ ನಿಂತವು. ಉಳಿದದ್ದು ಕೊನೆಯ ಅಧ್ಯಾಯ ಮತ್ತು ಮುಖಪುಟ.

ಕೊನೆಯ ಕಂತಿನ ಬರವಣಿಗೆ ಬಂದ ಬೆಳಿಗ್ಗೆ ಚಿಕ್ಕಮ್ಮ ಅಚ್ಚುಕೂಟದಲ್ಲೇ ನಿಂತು ಓದಿದಳು. ಹಾಳೆಯನ್ನು ನನ್ನ ಕೈಗಿಟ್ಟು ಸ್ಟೂಲಿನ ಮೇಲೆ ಕುಸಿದಳು.

ಸುದ್ದಿ ಮುಟ್ಟಿಸುತ್ತಿದ್ದವನು ಚಾಲಕನೇ. ಅವನು ಮನುಷ್ಯನೇ ಅಲ್ಲ, ಶತ್ರುಗಳು ಮಾಡಿ ಕಳಿಸಿದ ಯಂತ್ರ. ಮೊದಲಿನಿಂದಲೂ ಅವನಿಗೆ ಎಲ್ಲ ಗೊತ್ತು. ಮೊದಲ ಕಂತಿನಲ್ಲಿ ಕಿಟಕಿಯಾಚೆ ನೋಡಿದ್ದು ದಾರಿಯ ಗುರುತು ಕಳಿಸಲು. ಅವನಿಗೆ ಅಮ್ಮನೂ ಇಲ್ಲ, ಶಾಲೆಯೂ ಇಲ್ಲ. ಒಳಗೇನೂ ಇಲ್ಲದವನಿಗೆ ಚಿಕ್ಕಮ್ಮ ಮನಸ್ಸು ಕೊಟ್ಟುಬಿಟ್ಟಿದ್ದಳು, ಅದು ಅಚ್ಚೂ ಆಗಿಬಿಟ್ಟಿತ್ತು.

ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಥಟ್ಟನೆ ಎದ್ದು, "ಒಂದು ಸಾಲು ಸೇರಿಸಿ ಸಾಕು. 'ಆ ನೆನಪುಗಳೆಲ್ಲ ಅವನ ನಾಟಕ' ಅಂತ" ಎಂದರು.

ನನಗೆ ತಡೆಯಲಾಗಲಿಲ್ಲ. "ಒಬ್ಬನೇ ಕೂತು ತನ್ನ ಮನಸ್ಸಲ್ಲೇ ಯಾರ ಮುಂದೆ ನಾಟಕ ಆಡ್ತಾನೆ ಸಾರ್? ಓದೋರೇನು ದಡ್ಡರಾ?"

"ನಿನ್ನನ್ನ ಇಟ್ಕೊಂಡಿರೋದು ಅಕ್ಷರ ತಿದ್ದೋಕೆ, ನನ್ನನ್ನಲ್ಲ" ಎಂದು ಗದರಿದರು. ಆದರೆ ಮಾತು ನಿಜವೆಂದು ಅವರಿಗೂ ಗೊತ್ತಿತ್ತು.

ಮನೆಗೆ ಬಂದರೆ ಚಿಕ್ಕಮ್ಮ ಊಟ ಮುಟ್ಟಲಿಲ್ಲ. ಬರೆದು ಬರೆದು ಹರಿದಳು. ಮರುದಿನವೂ ಅದೇ ಪಾಡು. ಅಜ್ಜಿ ಬಾಗಿಲಲ್ಲಿ ನಿಂತು, "ನಕಲು ಮಾಡೋಕೂ ಇಷ್ಟು ಒದ್ದಾಟವಾ?" ಎಂದಾಗ ನಾನು ಹರಿದ ಹಾಳೆಗಳನ್ನು ಗುಡಿಸಿ ಒಟ್ಟುಮಾಡಿದೆ. ಈ ಸಲ ಹೆಸರು ತಪ್ಪಿದರೆ ಮುಂದೆ ಚಿಕ್ಕಮ್ಮ ತಾನಾಗಿ ಕೇಳುವವಳಲ್ಲ.

ಆ ರಾತ್ರಿ ಪಾತ್ರೆ ತೊಳೆಯುವಾಗ, ನೊರೆ ಹತ್ತಿದ ಕೈಯಲ್ಲೇ ಅವಳು ನನ್ನ ತೋಳು ಹಿಡಿದಳು. "ಅವನಿಗೇ ಗೊತ್ತಿಲ್ಲ ಕಣೇ!"

"ಏನು ಗೊತ್ತಿಲ್ಲ?"

"ತಾನು ಯಂತ್ರ ಅಂತ. ಆ ಅಮ್ಮ ಇದ್ದಳು ಅಂತಲೇ ನಂಬಿದಾನೆ. ಸುದ್ದಿ ಕಳಿಸ್ತಿರೋದು ಅವನ ಕಣ್ಣು, ಅವನಲ್ಲ. ಅವನು ಅಮ್ಮನ್ನ ಹುಡುಕ್ತಾ ಆಚೆ ನೋಡ್ತಾನೆ, ಕಣ್ಣು ತನ್ನ ಕೆಲಸ ಮಾಡ್ಕೊಳ್ಳುತ್ತೆ."

ನಾನು ಮನಸ್ಸಿನಲ್ಲೇ ಅಧ್ಯಾಯಗಳನ್ನು ತಿರುವಿಹಾಕಿದೆ. ಅಚ್ಚಾದ ಒಂದು ಸಾಲೂ ಸುಳ್ಳಾಗುತ್ತಿರಲಿಲ್ಲ. ಆದರೆ ಮೇಷ್ಟ್ರ ಕಥೆಯಲ್ಲಿ ಅವನಿಗೆ ಎಲ್ಲ ಗೊತ್ತು. ಸಹಿ ಹಾಕಬೇಕಾದವರು ಅವರು.

ಬೆಳಗಾಗುವುದರೊಳಗೆ ಚಿಕ್ಕಮ್ಮ ಕೊನೆಯ ಅಧ್ಯಾಯ ಬರೆದು ಮುಗಿಸಿದಳು. ಮೇಷ್ಟ್ರು ಮಧ್ಯಾಹ್ನ ಅಚ್ಚುಕೂಟಕ್ಕೆ ಬಂದರು. ಕೂರಲಿಲ್ಲ. ಕರಡನ್ನು ಕೈಗೆತ್ತಿಕೊಂಡು ಮುದ್ರಣಯಂತ್ರಕ್ಕೆ ಒರಗಿ ಓದತೊಡಗಿದರು. ಯಂತ್ರ ನಿಂತಿತ್ತು, ಮೊಳೆ ಜೋಡಿಸುವವರ ಕೈ ನಿಂತಿತ್ತು. ಚಿಕ್ಕಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಮೇಷ್ಟ್ರು ಒಂದು ಪುಟ ತಿರುವಿದರು, ಮತ್ತೆ ಹಿಂದಕ್ಕೆ ಹೋದರು.

"ಇವನಿಗೆ ಗೊತ್ತಿಲ್ಲ ಅಂತ ಯಾರಮ್ಮ ಹೇಳಿದ್ದು?"

"ಟಿವಿಯಲ್ಲಿ ಬರೀ ಮುಖ ಇದೆ ಸಾರ್. ಪುಸ್ತಕದಲ್ಲಿ ಅವನ ಮನಸ್ಸಿದೆ. ಮನಸ್ಸಿರೋನಿಗೆ ಇಷ್ಟು ದಿನ ಅದನ್ನ ನಮ್ಮಿಂದ ಮುಚ್ಚಿಡೋಕೆ ಆಗಲ್ಲ."

"ಇದು ನನ್ನ ಚಾಲಕ ಅಲ್ಲ."

ಯಜಮಾನರು ಪೆನ್ನು ತೆಗೆದು ಚಿಕ್ಕಮ್ಮನ ಕೈಗೆ ತುರುಕಿ, "ಆ ಒಂದು ಸಾಲು ಬರೆದುಬಿಡಿ ತಾಯಿ. ನಾಟಕ ಅಂತ. ನಿಮ್ಮ ಹೆಸರು ಉಳಿಯುತ್ತೆ" ಎಂದು ಹೆಚ್ಚುಕಡಿಮೆ ಅಳುವ ದನಿಯಲ್ಲಿ ಬೇಡಿಕೊಂಡರು.

ಚಿಕ್ಕಮ್ಮ ಪೆನ್ನಿನ ಮೊನೆಯನ್ನು ಹಾಳೆಯ ಮೇಲಿಟ್ಟಳು. ಬರೆಯುತ್ತಾಳೆ ಎಂದೇ ಅಂದುಕೊಂಡೆ. ನಾನಾಗಿದ್ದರೆ ಬರೆದುಬಿಡುತ್ತಿದ್ದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಯಜಮಾನರಿಗೆ ವಾಪಸ್ಸು ಕೊಟ್ಟಳು.

"ಅಮ್ಮ ಗೇಟಿನ ಹತ್ತಿರ ನಿಂತಿದ್ದು ನಾಟಕ ಅಂತ ನಾನು ಬರೆಯಲ್ಲ ಸಾರ್. ನನ್ನ ಹೆಸರು ಬಿಡಿ, ಪರವಾಗಿಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. "ನಿಮ್ಮ ಹೆಸರು ಯಾಕೆ ಬಿಡಬೇಕು? ನನ್ನದು ತೆಗೀರಿ! 'ಟಿವಿ ಕಥೆ ಆಧರಿಸಿದ್ದು' ಅಂತ ಒಳಗೆ ಸಣ್ಣಕ್ಕೆ ಹಾಕ್ಕೊಳ್ಳಿ. ಇವರು ಬರೆದಿದ್ದಕ್ಕೆ ನಾನ್ಯಾಕೆ ಬೈಸ್ಕೊಳ್ಳಲಿ?" ಎಂದು ಮೂಲೆಯಲ್ಲಿ ರಪ್ಪನೆ ಸಹಿ ಗೀಚಿ ಹೊರಟೇಹೋದರು.

ಅದು ಶಾಪವೋ ವರವೋ ಯಾರಿಗೂ ತಿಳಿಯಲಿಲ್ಲ. ಯಜಮಾನರಿಗೆ ಮಾತ್ರ ಶಾಪವೆಂದು ಖಾತ್ರಿಯಾಗಿತ್ತು. ಬೈದುಕೊಳ್ಳುತ್ತಲೇ ಮುಖಪುಟ ಅಚ್ಚು ಹಾಕಿಸಿದರು: ರಾಕೆಟ್ಟು, ಅದರ ಕೆಳಗೆ ಚಿಕ್ಕಮ್ಮನ ಹೆಸರು, ಒಂದೇ.

ಕೊನೆಯ ಕಂತು ನೋಡಿ ಅಜ್ಜಿ, "ನನಗೆ ಮೊದಲೇ ಗೊತ್ತಿತ್ತು, ಅವನದು ಕಳ್ಳನ ಮುಖ" ಎಂದು ಟಿವಿ ಆರಿಸಿದಳು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡಳು.

"ಮೇಷ್ಟ್ರ ಹೆಸರೆಲ್ಲಿ?"

"ಅವರು ಬೇಡ ಅಂದ್ರು."

ಅಜ್ಜಿ ಓದಲು ಕೂತಳು. ಮಧ್ಯಾಹ್ನದ ತನಕ ಓದಿದಳು. ಚಿಕ್ಕಮ್ಮ ಅಡುಗೆಮನೆಯಲ್ಲಿ ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಕೊನೆಗೆ ಒಳಗಿಂದ ಕರೆ ಬಂತು.

"ಈ ಗೇಟಿನ ಹತ್ತಿರ ನಿಂತಿರೋದು ನಾನಾ?"

"ಹೂಂ ಅಮ್ಮ."

"ನಾನೆಲ್ಲಿ ನಿಂತಿದ್ದೆ? ನಿನ್ನನ್ನ ಗೇಟಿನೊಳಗೆ ತಳ್ಳಿ ಕಾರ್ಖಾನೆಗೆ ಓಡಿದೆ. ತಡವಾದ್ರೆ ಬಾಗಿಲು ಹಾಕ್ಬಿಡೋರು. ಹಿಂತಿರುಗಿ ಕೂಡ ನೋಡ್ಲಿಲ್ಲ."

"ನಿಂತಿದ್ದೆ ಅಮ್ಮ. ನಾನು ನೋಡಿದೀನಿ."

"ಬೇರೆ ಯಾರನ್ನೋ ನೋಡಿರ್ತೀಯ. ನಾನಲ್ಲ."

ನನಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಪುಸ್ತಕ ಕಿತ್ತುಕೊಳ್ಳಬೇಕೆನ್ನಿಸಿತು. ಯಾವ ನೆನಪಿಗಾಗಿ ಚಿಕ್ಕಮ್ಮ ಪೆನ್ನು ವಾಪಸ್ಸು ಕೊಟ್ಟಿದ್ದಳೋ ಅದನ್ನೇ ಅಜ್ಜಿ ಒಂದು ಮಾತಿನಲ್ಲಿ ಅಳಿಸಿಹಾಕಿದ್ದಳು. ಚಿಕ್ಕಮ್ಮ ಗೋಡೆ ಹಿಡಿದು ನಿಂತಳು.

ಅಜ್ಜಿ ಇನ್ನೊಂದು ಪುಟ ತಿರುವಿದಳು. "ನಾನು ನಿಂತಿರಲಿಲ್ಲ. ಟಿವಿಯಲ್ಲೂ ಇದು ಬರಲಿಲ್ಲ. ಹಾಗಾದ್ರೆ ಇದನ್ನ ಎಲ್ಲಿಂದ ನಕಲು ಮಾಡಿದೆ?"

"ಎಲ್ಲಿಂದಾನೂ ಇಲ್ಲಮ್ಮ" ಎಂದು ಚಿಕ್ಕಮ್ಮ ಅಳತೊಡಗಿದಳು.

ಅಜ್ಜಿ ಸಮಾಧಾನ ಮಾಡುವವಳಲ್ಲ. ಬೆರಳಿಟ್ಟು ಆ ಪುಟವನ್ನೇ ಇನ್ನೊಮ್ಮೆ ಓದಿದಳು. ಆಮೇಲೆ ಕನ್ನಡಕದ ಮೇಲಿಂದ ಮಗಳನ್ನು ನೋಡಿ, "ದಿನ ಪೂರ್ತಿ ಬಿಸಿಲಲ್ಲಿ ನಿಲ್ಲಿಸಿದ್ದೀಯಲ್ಲೇ. ಒಂದು ಕೊಡೆನಾದ್ರೂ ಕೊಡಬಾರದಿತ್ತಾ ನನ್ನ ಕೈಗೆ?" ಎಂದಳು.