ಬೇವಿನ ಹಲಗೆಯ ವಸ್ತಾದರು

ವಸ್ತಾದರ ಎರಡೂ ಕಿವಿಗಳು ಹಿಂಡಿ ಬಿಟ್ಟ ನಿಂಬೆಹೋಳಿನಂತೆ ಮುದುಡಿಕೊಂಡಿದ್ದವು. ಕುಸ್ತಿ ಆಡಿ ಆಡಿ, ಹುಡುಗರಿಗೆ ಕಲಿಸಿ ಕಲಿಸಿ ಹಾಗಾದದ್ದು. ಮಾತು ಅರ್ಧ ಕೇಳಿಸುತ್ತಿತ್ತೋ ಏನೋ, ಕಣ್ಣು ಮಾತ್ರ ಬಲು ಚುರುಕು. ಅಣ್ಣಿಗೇರಿ ಹತ್ತಿರದ ನಮ್ಮೂರಿನ ಹಳೆಯ ಗರಡಿಯನ್ನು ಜಿಮ್ ಮಾಡಿದಾಗ ಕಬ್ಬಿಣದ ಸಾಮಾನು ಹುಬ್ಬಳ್ಳಿಯಿಂದ ಬಂತು. ಮಲಗಿ ಭಾರ ಎತ್ತುವ ಮೂರು ಬೆಂಚುಗಳನ್ನು ಮಾತ್ರ ಅವರು ಊರ ಬಡಿಗನ ಕೈಯಲ್ಲಿ ಬೇವಿನ ಹಲಗೆಯಿಂದಲೇ ಮಾಡಿಸಿದರು. ರೆಕ್ಸಿನ್ ಹೊದಿಸೋಣವೆಂದರೆ ಒಪ್ಪಲಿಲ್ಲ.

“ಬೇವಿನ ಹಲಗಿ ಐತ್ರಿ ಮಾಸ್ತರ. ಇದಕ ರೋಗ ಹತ್ತಂಗಿಲ್ಲ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆ ಹಲಗೆ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಒಬ್ಬ ಎದ್ದ ಮೇಲೆ ಅವನ ಬೆನ್ನಿನ ಆಕಾರದಲ್ಲೇ ಬೆವರು ಮೂಡಿರುತ್ತಿತ್ತು. ಒರೆಸಲು ಗೂಟಕ್ಕೆ ತೂಗುಬಿಟ್ಟ ಒಂದೇ ಅರಿವೆ. ಇಪ್ಪತ್ತು ಬೆನ್ನಿಗೆ ಒಂದು ಅರಿವೆ! ಇದು ಒರೆಸುವುದಲ್ಲ, ಹಂಚುವುದು ಎಂದು ದಿನಾ ಗೊಣಗುತ್ತಿದ್ದೆ. ನಾನು ಪೇಪರ್ ಹಾಸಿಕೊಂಡು ಮಲಗುವವನು. ಎದ್ದಾಗ ಅಂದಿನ ಸುದ್ದಿಯೆಲ್ಲ ಬನಿಯನ್ನಿಗೆ ಅಂಟಿರುತ್ತಿತ್ತು. ಹುಡುಗರು ನಗುತ್ತಿದ್ದರು. ವಸ್ತಾದರು ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೆವರು ಬೀಳಲಿ, ಮನುಷ್ಯಾ ಬೀಳಬಾರದು ಎನ್ನುವುದು ಅವರ ಮಾತು.

ಇಷ್ಟೆಲ್ಲ ಬುದ್ಧಿ ಹೇಳಿದ ನನಗೇ ಗಜಕರ್ಣ ಹತ್ತಿತು. ಗರಡಿಯಿಂದಲ್ಲ. ತರಬೇತಿಗೆಂದು ಅಳ್ನಾವರದಲ್ಲಿ ಹದಿನೈದು ದಿನ ಉಳಿದಾಗ ಯಾರದೋ ಟವೆಲ್ ಸುತ್ತಿಕೊಂಡಿದ್ದೆ. ಊರಿಗೆ ಮರಳುವಷ್ಟರಲ್ಲಿ ಸೊಂಟದ ಮೇಲೆ ಉಂಗುರದಂಥ ಕೆಂಪು ಕಲೆ, ತಡೆಯಲಾಗದ ಕೆರೆತ. ಗೊತ್ತಿದ್ದೂ ಗರಡಿಗೆ ಹೋದೆ. ಹೋಗದಿದ್ದರೆ ಯಾಕೆಂದು ಕೇಳುತ್ತಾರಲ್ಲ! ಮುಲಾಮನ್ನು ಊರಲ್ಲಿ ಕೊಳ್ಳದೆ ಗದಗಿನಿಂದ ತಂದೆ. ಊರಿಗೆಲ್ಲ ಉಪದೇಶ ಮಾಡುವವನ ಸೊಂಟ ಬಯಲಾದರೆ ಶಾಲೆಯಲ್ಲಿ ಮುಖ ಎತ್ತುವುದು ಹೇಗೆ ಎಂಬುದೊಂದೇ ಚಿಂತೆ. ಒಂದು ಮುಂಜಾನೆ ಕೆರೆತ ತಾಳಲಾರದೆ, ಯಾರೂ ನೋಡದಾಗ, ಆ ಗೂಟದ ಅರಿವೆಯಿಂದಲೇ ಸೊಂಟ ತಿಕ್ಕಿಕೊಂಡೆ. ಇದನ್ನು ಬರೆಯುವಾಗ ಈಗಲೂ ಕೈ ತೊಳೆದುಕೊಳ್ಳಬೇಕು ಅನಿಸುತ್ತದೆ.

ತಿಂಗಳೊಳಗೆ ಆರು ಹುಡುಗರಿಗೆ ಹತ್ತಿತು. ಅವರ ಮನೆಯ ಹಿರಿಯರು ಒಟ್ಟಾಗಿ ಗರಡಿಗೆ ಬಂದರು. ಬೇವಿನ ಹಲಗೆಗಳನ್ನು ಒಡೆದು ಒಲೆಗೆ ಹಾಕಿ ಎಂದು ಒಬ್ಬರು, ಇದನ್ನು ಮೊದಲು ತಂದವನು ಯಾರೆಂದು ತಿಳಿಯಲೇಬೇಕು ಎಂದು ಇನ್ನೊಬ್ಬರು. ಎಲ್ಲರೂ ಬನಿಯನ್ ತೆಗೆದು ಸಾಲಾಗಿ ನಿಲ್ಲಬೇಕೆಂದಾಯಿತು. ಸಾಲಿನಲ್ಲಿ ನಾನು ಮೂರನೆಯವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ವಸ್ತಾದರು ಆ ಕೈಯನ್ನು ನೋಡಿದರು.

“ಸಾಲು ಬ್ಯಾಡ್ರಿ. ಇದು ಮೊದಲ ಬಂದದ್ದು ನನಗ,” ಎಂದರು.

ಹಾಗಾದರೆ ತೋರಿಸಿ ಎಂದರು ಹಿರಿಯರು.

“ತೋರಸೂ ಅಂಥಾ ಜಾಗದಾಗ ಇಲ್ರಿ.”

ಗರಡಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಸಾಲು ಮುರಿಯಿತು. ನಾನೂ ನಕ್ಕೆ. ನಾಚಿಕೆಗೇಡಿ ನಾನು, ಎಲ್ಲರಿಗಿಂತ ಜೋರಾಗಿ ನಕ್ಕೆ.

ಮರುದಿನ ಅವರೇ ಉಜ್ಜುಗೊರಡು ಹಿಡಿದು ಹಲಗೆಗಳ ಮೇಲ್ಪದರ ಕೆತ್ತಿ, ಬಿಸಿಲಿಗಿಟ್ಟು, ರೆಕ್ಸಿನ್ ಹೊದಿಸಿದರು. ಗೂಟದ ಅರಿವೆಯನ್ನು ಸುಟ್ಟರು. ತಮ್ಮ ತಮ್ಮ ಟವೆಲ್ ತರದವರನ್ನು ಒಳಗೆ ಬಿಡಲಿಲ್ಲ. ಬೇವಿನ ಮೇಲಿನ ಅವರ ನಂಬಿಕೆ ಹೋದದ್ದು ನನಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ಗರಡಿಯಿಂದ ಹೊರಡುವಾಗ ವಸ್ತಾದರ ಪಾದ ಮುಟ್ಟುವುದು ನಮ್ಮಲ್ಲಿ ಪದ್ಧತಿ. ಈಗ ಎಲ್ಲರೂ ಎರಡು ಮಾರು ದೂರದಿಂದ ಕೈಮುಗಿಯತೊಡಗಿದರು. ಚಹಾದಂಗಡಿಯವನು ಅವರೊಬ್ಬರಿಗೇ ಕಾಗದದ ಕಪ್ಪಿನಲ್ಲಿ ಚಹಾ ಕೊಡತೊಡಗಿದ. ಅವರು ಕಾಲು ಮಡಚಿ ಪಂಚೆಯೊಳಗೆ ಸೇರಿಸಿಕೊಂಡು ಕೂರುತ್ತಿದ್ದರು.

ಕೂತಲ್ಲಿ ಕೂರಲಾಗದೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಎಲ್ಲರೆದುರು ನಿಜ ಹೇಳಿಬಿಡುತ್ತೇನೆ ಎಂದೆ.

“ಮುದುಕಗ ಗಜಕರ್ಣ ಆತಂದ್ರ ಮಂದಿ ನಾಲ್ಕು ದಿನ ನಗತಾರ,” ಎಂದರು. “ಮಾಸ್ತರಗ ಆತಂದ್ರ, ಅದನ್ನ ಮುಚ್ಚಿಟ್ಟನಂದ್ರ, ಹುಡುಗ್ರು ನಾಳೆ ನಿಮ್ಮ ಮಾತ ಕೇಳತಾರೇನು? ಸುಮ್ಮನಿರ್ರಿ.”

ಪಾದ ಮುಟ್ಟಲು ಬಾಗಿದೆ. ಅವರು ಕಾಲು ಹಿಂದೆಳೆದುಕೊಂಡರು.

“ಮುಟ್ಟಬ್ಯಾಡ್ರಿ. ಪೇಪರ್ ಹಾಸಿ ಮಲಗೂ ನೀವು ಮುಟ್ಟಿದ್ದು ಯಾರರ ನೋಡಿದ್ರ, ನನಗ ಇಲ್ಲಂತ ಗೊತ್ತಾಕ್ಕೈತಿ.”

ಹೇಡಿಗೆ ಅಷ್ಟು ನೆಪ ಸಾಕಾಯಿತು. ಸುಮ್ಮನಿದ್ದೆ. ನನ್ನ ಕಲೆ ಮಾಯಿತು, ಹುಡುಗರದೂ ಮಾಯಿತು. ವಸ್ತಾದರಿಗೆ ಅಂಟಿದ ಹೆಸರು ಮಾತ್ರ ಹೋಗಲಿಲ್ಲ. ಎರಡು ವರ್ಷ ಅವರೆದುರು ದೂರದಿಂದಲೇ ಕೈಮುಗಿದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕೊನೆಯ ನಮಸ್ಕಾರಕ್ಕೆ ಮಂದಿ ಸಾಲು ನಿಂತಿದ್ದರು. ನನ್ನ ಮುಂದಿದ್ದವನು ಪಾದ ಮುಟ್ಟಲು ಬಾಗುವಾಗ ಪಕ್ಕದವನು ಅವನ ಕೈ ಹಿಡಿದೆಳೆದ. ದೂರದಿಂದ ಮುಗಿ, ಅವರಿಗೆ ಅದು ಇತ್ತಲ್ಲ ಎಂದು ಕಿವಿಯಲ್ಲಿ ಹೇಳಿದ.

“ಅವರಿಗಿರಲಿಲ್ಲ. ನನಗಿತ್ತು,” ಎಂದೆ.

ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಶಾಲೆಯ ಹುಡುಗರೂ ಆ ಸಾಲಿನಲ್ಲಿದ್ದರು. ಇನ್ನೊಮ್ಮೆ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿ, ಆ ತಣ್ಣನೆಯ ಪಾದಗಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.