ಲಾಡಿ ಸಡಿಲಿಸಿದ ಶುಕ್ರವಾರ

2005, ಜನವರಿಯ ಕೊನೆಯ ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ. ಪುಣೆಯ ನಮ್ಮ ಮನೆಯಲ್ಲಿದ್ದವರು ನಾನು, ನಮ್ಮ ಯಜಮಾನರು, ಧಾರವಾಡದಿಂದ ಬಂದಿದ್ದ ತಂಗಿ ಶಕುಂತಲಾ. ಐದಕ್ಕೆ ನೆರೆಯ ಹೆಣ್ಣುಮಕ್ಕಳು ಅರಿಸಿನ-ಕುಂಕುಮಕ್ಕೆ ಬರುವವರಿದ್ದರು. ಅದಕ್ಕೆ ಮುಂಚೆ, ನನ್ನ ಪಕ್ಕೆಯ ಟ್ಯೂಬಿನಿಂದ ಚೀಲಕ್ಕೆ ಇಳಿದ ಪಿತ್ತ ಅಳೆಯಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವಳು ನಾನು. ನಾಲ್ಕು ಎಂದರೆ ನಾಲ್ಕು.

ಚೀಲ ಖಾಲಿ ಇತ್ತು.

ನನಗೆ ಪಿತ್ತನಾಳದ ಕ್ಯಾನ್ಸರ್. ಮೊದಲು ಮೈ ತುರಿಸಿತು, ಆಮೇಲೆ ಕಣ್ಣು ಹಳದಿಯಾಯಿತು. ಹನ್ನೆರಡು ದಿನದ ಹಿಂದೆ ನಾಳ ತೆರೆದಿರಲೆಂದು ಅದರೊಳಗೆ ಸ್ಟೆಂಟ್ ಎಂಬ ಕೊಳವೆ ಹಾಕಿದರು. ಹಳದಿ ಇಳಿಯಿತು. ಆದರೆ ಗಡ್ಡೆ ಪಿತ್ತಕೋಶದ ಬಾಯಿಯವರೆಗೂ ಹಬ್ಬಿತ್ತು. ಸ್ಟೆಂಟ್ ಆ ಬಾಯಿಗೆ ಅಡ್ಡವಾದರೆ ಒಳಗೇ ನಿಂತ ಪಿತ್ತ ಕೆಟ್ಟು ಕೋಶ ಬಾತುಕೊಳ್ಳಬಹುದೆಂದು ಡಾಕ್ಟರು ಮುಂಜಾಗ್ರತೆಗೆ ಪಕ್ಕೆಯಿಂದ ಸಣ್ಣ ಟ್ಯೂಬ್ ಇಳಿಸಿ, ಅದರ ತುದಿಗೆ ಚೀಲ ಜೋಡಿಸಿದ್ದರು. ಬಾತರೆ ಸೋಮವಾರದ ಕೀಮೋ ಮುಂದಕ್ಕೆ. ಆ ಸೋಮವಾರಕ್ಕಾಗಿಯೇ ದಿನ ಎಣಿಸುತ್ತಿದ್ದೆ.

"ಥರ್ಮಾಮೀಟರ್ ತರ್ರಿ, ಲಗೂ!"

ಜ್ವರವಿರಲಿಲ್ಲ. ನೋವೂ ಇಲ್ಲ. ಯಜಮಾನರು ಆಸ್ಪತ್ರೆಗೆ ಫೋನ್ ಹಚ್ಚಿದರು. ಗಾಬರಿಯಲ್ಲಿ ಎರಡು ಸಲ ತಪ್ಪು ನಂಬರು. ಅದೂ ನನ್ನೆದುರಿಗೆ!

"ಟ್ಯೂಬ್ ಎಲ್ಲೆರೆ ಮಡಚೇದೇನು ನೋಡ್ರಿ ಅಂತಾರ ಡಾಕ್ಟರು," ಎಂದರು.

ಬೆಳಿಗ್ಗೆ ಎಂಟರ ಅಳತೆ ಮುಗಿಸಿ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸೀರೆ ಉಟ್ಟಿದ್ದೆ. ಬಂದವರ ಕಣ್ಣಿಗೆ ಬೀಳಬಾರದೆಂದು ಟ್ಯೂಬು, ಚೀಲ ಎರಡನ್ನೂ ಲಂಗದೊಳಗೆ ಸೇರಿಸಿ ಲಾಡಿ ಬಿಗಿದಿದ್ದೆ.

ಶಕುಂತಲಾ ಸೆರಗು ಸರಿಸಿದಳು. "ಅಕ್ಕಾ! ಇದು ಲಾಡಿನೋ, ಎಮ್ಮಿ ಕಟ್ಟೋ ಹಗ್ಗನೋ? ಟ್ಯೂಬ್ ಚಪ್ಪಟಿ ಆಗ್ಯದ!"

ಸಡಿಲಿಸಿದಳು. ಮೂವರೂ ಬಗ್ಗಿ ನೋಡಿದೆವು.

ಒಂದು ಹನಿ. ಇನ್ನೊಂದು. ಆಮೇಲೆ ಹಸಿರು-ಹಳದಿ ಗೆರೆಯೊಂದು ಸರ್ರನೆ ಇಳಿಯಿತು.

"ಬಂತು, ಬಂತು!" ಯಜಮಾನರು ಕೂಗಿದ್ದು ಥೇಟ್ ಕಾರ್ಪೊರೇಷನ್ ನಲ್ಲಿಗೆ ನೀರು ಬಂದ ಹಾಗೆ. ನಗುನಗುತ್ತಲೇ ನನಗೆ ಅಳು ಬಂತು.

ಸೀರೆ ಬಿಚ್ಚಿಟ್ಟು, ಐದಕ್ಕೆ ಬಂದವರನ್ನು ಗೌನಿನಲ್ಲೇ ಎದುರುಗೊಂಡೆ. ಚೀಲ ಎಲ್ಲರಿಗೂ ಕಾಣುವಂತೆ ಪಕ್ಕದಲ್ಲಿ ತೂಗುತ್ತಿತ್ತು. ಎದುರುಮನೆಯ ಮಾಲತಿಬಾಯಿ ಇದೇನೆಂದು ಮರಾಠಿಯಲ್ಲಿ ಕೇಳಿದರು. ಮುಚ್ಚಿಡದೆ ಹೇಳಿದೆ. ಅವರು ನನ್ನ ಹಣೆಗೆ ಕುಂಕುಮ ಹಚ್ಚಿದರು.

ಎಲ್ಲರೂ ಹೋದ ಮೇಲೆ ಡಾಕ್ಟರೇ ಫೋನ್ ಮಾಡಿದರು. ಪಿತ್ತ ಮತ್ತೆ ಇಳಿಯುತ್ತಿರುವುದನ್ನು ಕೇಳಿ, ಜ್ವರ ಬಾರದಿದ್ದರೆ ಸೋಮವಾರ ಬನ್ನಿ ಎಂದರು. ಕ್ಯಾನ್ಸರ್ ಎಲ್ಲೂ ಹೋಗಿಲ್ಲ, ಗೊತ್ತು. ಆದರೂ ಸೋಮವಾರ ಉಳಿಯಿತು.

ಏಳು ಗಂಟೆಗೆ ಚೀಲ ಬಗ್ಗಿಸಿ ಅಳೆದೆ. ಅರವತ್ತು ಎಂ.ಎಲ್. ಬರೆದಿಟ್ಟು, ಅಳತೆಯ ಲೋಟ ತೊಳೆದು ಬೋರಲು ಹಾಕಿದೆ.